ಕಿರುಗಾಲದ ಸದ್ದು, ಗದ್ದಲದ ನಡುವಣ ಸ್ವರ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



"ಈ ತಿಂಗಳು ವಿಜ್ಞಾನದ ಮೇಲೆ ಏನಾದರೂ ಹೇಳಬೇಕು, ಆದರೆ ಬೀಜಗಣಿತ ಬೇಡ" ಎಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದರು. ನಾವು ಆರಿಸಿಕೊಂಡ ವಿಷಯವನ್ನು ಬೀಜಗಣಿತವಿಲ್ಲದೆ ಹೇಳುವುದೆಂದರೆ ಉಪ್ಪಿಲ್ಲದೆ ಸಾರು ಮಾಡಿದ ಹಾಗೆ. ಆದರೂ ಭಾಗಾಕಾರವೊಂದನ್ನು ಮಾತ್ರ ಕೈಯಲ್ಲಿಟ್ಟುಕೊಂಡು ಪ್ರಯತ್ನಿಸುತ್ತೇವೆ. ಸಾರು ಸಪ್ಪೆಯಾದರೆ ದೋಷ ಕಾರ್ಯದರ್ಶಿಗಳದು.

ನಮ್ಮ ಕಳಂಬೋಲಿಯಲ್ಲಿ ಸದ್ದಿಗೆ ಬರವಿಲ್ಲವೆಂಬುದು ತಮಗೆಲ್ಲ ವಿದಿತವಾಗಿಯೇ ಇದೆ. ಉಕ್ಕಿನ ಪೇಟೆಯಲ್ಲಿ ಸಲಾಕೆ ಇಳಿಸುವ ಸದ್ದು, ಪುಣೆಯ ಹೆದ್ದಾರಿ ಹಿಡಿಯುವ ಲಾರಿಗಳ ಹಾರ್ನು, ವಿದ್ಯುತ್ ಉಪಕೇಂದ್ರದ ಗುಂಯ್‍ಗುಡುವಿಕೆ. ಈ ಗದ್ದಲದ ನಡುವೆ ನಮ್ಮ ಮಾಥಾಡಿ ಬಂಧುಗಳಲ್ಲಿ ಒಬ್ಬರು, ಕೆಳಕ್ಕೆ ಬಿದ್ದ ಸಲಾಕೆಯ ಸದ್ದನ್ನು ಬೆನ್ನ ಹಿಂದಿನಿಂದ ಕೇಳಿಯೇ ಅದು ದಪ್ಪನೆಯದೋ ತೆಳ್ಳನೆಯದೋ ಎಂದು ಹೇಳುವುದನ್ನು ನಾವು ಕಂಡಿದ್ದೇವೆ. ನಮ್ಮ ಊರುಗಳ ಸಂತೆಯಲ್ಲಿ ಹೆಂಗಸರು ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡುವುದಿಲ್ಲವೆ? "ಠಣ್" ಎಂದರೆ ಗಟ್ಟಿ, "ಡಬ್" ಎಂದರೆ ಬಿರುಕು. ರೈಲಿನ ಕೆಲಸಗಾರರು ನಿಲ್ದಾಣದಲ್ಲಿ ನಿಂತ ಗಾಡಿಯ ಗಾಲಿಗಳನ್ನು ಸುತ್ತಿಗೆಯಿಂದ ಬಡಿಯುತ್ತ ಹೋಗುತ್ತಿದ್ದುದೂ ಇದೇ ಕಾರಣಕ್ಕೆ. ಒಂದು ಕ್ಷಣದ ಸದ್ದು, ಸುತ್ತಲೂ ಗದ್ದಲ. ಅದರೊಳಗಿನ ಸ್ವರ ಯಾವುದು? ಈ ಪ್ರಶ್ನೆಯೇ ನಮ್ಮ ಇಂದಿನ ವಿಷಯ.

ಇದನ್ನು ಆರಿಸಿಕೊಳ್ಳುವುದಕ್ಕೆ ಒಂದು ಸಂಗತಿ ಕಾರಣವಾಯಿತು. ನಮ್ಮ ವಾಚನಾಲಯಕ್ಕೆ ತಪ್ಪದೆ ಬರುವ ಒಬ್ಬರು ಸಮೀಪದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದರು. ವಿಜಯಪುರದ ಕಡೆಯವರು. ಹೆಸರು ಹೇಳಬೇಡಿರೆಂದು ಕೇಳಿಕೊಂಡಿದ್ದಾರೆ, ಹೇಳುವುದಿಲ್ಲ. ಒಂದು ದೊಡ್ಡ ಗಾಳಿಯಂತ್ರದ ಬಳಿ ಪಾಳಿ ಪೂರ್ತಿ ಎಂಟು ತಾಸು ನಿಲ್ಲುವುದು ಅವರ ಕೆಲಸ. ಒಂದು ದಿನ ಅವರು ಮೇಲ್ವಿಚಾರಕರ ಬಳಿ ಹೋಗಿ, "ಸಾಹೇಬ್ರ, ಮಷೀನು ತೇಕಾಕತ್ತೈತ್ರಿ" ಎಂದರು. ದಮ್ಮು ಹತ್ತಿದವನಂತೆ ಏದುತ್ತಿದೆ ಎಂದು ಅರ್ಥ. ಮೇಲ್ವಿಚಾರಕರು ಬಂದು ಕಿವಿಗೊಟ್ಟರು, ಅವರಿಗೇನೂ ಕೇಳಿಸಲಿಲ್ಲ. ಆಗ ಇವರು ಮೊಬೈಲಿನಲ್ಲಿ ಮೂರು ಸೆಕೆಂಡು ಸದ್ದನ್ನು ಹಿಡಿದು ಕೊಟ್ಟರು. ದುರ್ದೈವವಶಾತ್ ಅಷ್ಟರಲ್ಲಿ ಪಾಳಿಯ ಭೋಂಗಾ ಕೂಗಿತು. ಭೋಂಗಾ ಸೇರದೆ ಉಳಿದುದು ಬರಿಯ ಕಾಲು ಸೆಕೆಂಡು. ಅದನ್ನು ಕಂಪ್ಯೂಟರಿಗೆ ಹಾಕಿ ನೋಡಿದಾಗ 100ರ ಬಳಿ ಒಂದೇ ಒಂದು ದಪ್ಪ ದಿಬ್ಬ ಕಾಣಿಸಿತು. "ಇದು ಕರೆಂಟಿನ ಗುಂಯ್‍ಕಾರ, ಎಲ್ಲ ಕಡೆಯೂ ಇರುವುದೇ, ಹೋಗು, ಕೆಲಸ ನೋಡು" ಎಂದರು. ಒಂಬತ್ತು ದಿನದ ಮೇಲೆ ಬೇರಿಂಗು ಹಿಡಿದು ಯಂತ್ರ ನಿಂತಿತು. ಬಳಿಯಲ್ಲಿದ್ದವನು ಲಕ್ಷ್ಯ ಕೊಡಲಿಲ್ಲವೆಂದು ವರದಿಯಾಯಿತು. ಗುತ್ತಿಗೆದಾರನು ಸೋಮವಾರದಿಂದ ಬರಬೇಡವೆಂದನು.

ಕಂಪ್ಯೂಟರು ಸುಳ್ಳು ಹೇಳಿತೆ? ಇಲ್ಲ. ಕಿವಿ ಸುಳ್ಳು ಹೇಳಿತೆ? ಅದೂ ಇಲ್ಲ. ಹಾಗಾದರೆ ತಪ್ಪಿದ್ದೆಲ್ಲಿ?

ಮೊದಲು ಸ್ವರವೆಂದರೇನೆಂದು ನೋಡೋಣ. ತಂಬೂರಿಯ ತಂತಿಯಾಗಲಿ, ಗಾಳಿಯಂತ್ರವಾಗಲಿ, ಒಂದು ಸೆಕೆಂಡಿಗೆ ಎಷ್ಟು ಬಾರಿ ಅಲುಗುತ್ತದೆಯೋ ಅದೇ ಅದರ ಕಂಪನಸಂಖ್ಯೆ. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಸುತ್ತು ಹಾಕುತ್ತದೆ. ಒಂದು ಸುತ್ತಿಗೆ ಎರಡು ಬಾರಿ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಎಳೆದುಬಿಡುವುದರಿಂದ ಅದರ ಗುಂಯ್‍ಕಾರ 100ರದು. ಎಂಥ ಕಲಬೆರಕೆಯ ಸದ್ದನ್ನೂ ಹೀಗೆ ಶುದ್ಧ ಕಂಪನಗಳ ಕೂಡಿಕೆಯೆಂದು ಬಿಡಿಸಬಹುದೆಂದು ತೋರಿಸಿದವನು ಫ್ರಾನ್ಸಿನ ಫೂರಿಯೆ. 1822ರಲ್ಲಿ ಉಷ್ಣದ ಮೇಲೆ ಅವನು ಪ್ರಕಟಿಸಿದ ಗ್ರಂಥ ಇದಕ್ಕೆ ಆಧಾರ. ಇಂದು ಮೊಬೈಲಿನಲ್ಲಿ ಗೆರೆಗೆರೆಯಾಗಿ ಕುಣಿಯುವ ಚಿತ್ರವೆಲ್ಲ ಅವನ ಲೆಕ್ಕವೇ.

ಆದರೆ ಎಣಿಸಬೇಕಾದರೆ ಕಾಲ ಬೇಕು. ಇಲ್ಲಿಯೇ ಗುಟ್ಟು ಇರುವುದು. ಗಾಳಿಯಂತ್ರದ ಬೇರಿಂಗಿನ ಸಂಖ್ಯೆಯನ್ನು ಆಮೇಲೆ ನಾವು ಕೇಳಿ ತಿಳಿದುಕೊಂಡೆವು. ಅದರ ಮೋಟಾರು ನಿಮಿಷಕ್ಕೆ 1455 ಸುತ್ತು, ಎಂದರೆ ಸೆಕೆಂಡಿಗೆ 24 ಕಾಲು ಸುತ್ತು. ಬೇರಿಂಗಿನೊಳಗೆ 10 ಗುಂಡು. ಹೊರಬಳೆಯಲ್ಲಿ ಒಂದು ಬಿರುಕಿದ್ದರೆ ಪ್ರತಿಯೊಂದು ಗುಂಡೂ ಅದರ ಮೇಲೆ ಹಾಯ್ದಾಗ ಒಂದು ಪೆಟ್ಟು ಬೀಳುತ್ತದೆ. ಗುಂಡುಗಳು ದಂಡದಷ್ಟು ವೇಗವಾಗಿ ಸುತ್ತುವುದಿಲ್ಲ. ಸುಮಾರು ಹತ್ತರಲ್ಲಿ ನಾಲ್ಕು ಪಾಲಿನ ವೇಗದಲ್ಲಿ ಸುತ್ತುತ್ತವೆಂದು ಯಂತ್ರಶಾಲೆಗಳಲ್ಲಿ ಲೆಕ್ಕ ಹಿಡಿಯುವುದು ರೂಢಿ. ಆದುದರಿಂದ 24 ಕಾಲನ್ನು 10ರಿಂದ ಗುಣಿಸಿ, ಅದರಲ್ಲಿ ಹತ್ತರಲ್ಲಿ ನಾಲ್ಕು ಪಾಲು ತೆಗೆದರೆ ಸೆಕೆಂಡಿಗೆ 97 ಪೆಟ್ಟು. ಕರೆಂಟಿನ ಗುಂಯ್‍ಕಾರ 100. ನೋಡಿದಿರಾ, ಎರಡೂ ಮಗ್ಗುಲಿಗೆ ಮಗ್ಗುಲು ಕುಳಿತಿವೆ!

ಈಗ ಆ ಕಾಲು ಸೆಕೆಂಡನ್ನು ತೆಗೆದುಕೊಳ್ಳಿರಿ. ಅಷ್ಟು ಹೊತ್ತಿನಲ್ಲಿ 97ರ ಸ್ವರ 24 ಕಾಲು ಅಲೆ ಹಾಕುತ್ತದೆ. 100ರ ಸ್ವರ 25 ಅಲೆ. ಎರಡಕ್ಕೂ ಇರುವ ಅಂತರ ಮುಕ್ಕಾಲು ಅಲೆ. ಒಂದು ಪೂರ್ತಿ ಅಲೆಯ ಅಂತರವೂ ಇಲ್ಲದಾಗ ಇಬ್ಬರನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ? ದಿಬ್ಬಗಳೆರಡೂ ಕರಗಿ ಒಂದೇ ದಪ್ಪ ದಿಬ್ಬವಾಗುತ್ತವೆ. ಒಂದು ಸೆಕೆಂಡನ್ನು ಕಾಲು ಸೆಕೆಂಡಿನಿಂದ ಭಾಗಿಸಿದರೆ 4. ಸ್ಥೂಲವಾಗಿ ಹೇಳುವುದಾದರೆ, ಪರಸ್ಪರ 4ಕ್ಕಿಂತ ಹತ್ತಿರದ ಎರಡು ಸ್ವರಗಳು ಕಾಲು ಸೆಕೆಂಡಿನ ತುಣುಕಿನಲ್ಲಿ ಬೇರೆಯಾಗಿ ಕಾಣವು. ಮೂರು ಸೆಕೆಂಡೂ ಸ್ವಚ್ಛವಾಗಿ ಸಿಕ್ಕಿದ್ದರೆ 291 ಅಲೆ ಒಂದು ಕಡೆ, 300 ಅಲೆ ಇನ್ನೊಂದು ಕಡೆ. ಒಂಬತ್ತು ಅಲೆಯ ಅಂತರ ಯಾರಿಗೂ ಮುಚ್ಚಿಡಲಾಗದು. ನಾವು ಹೇಳಿದ ಭಾಗಾಕಾರ ಇದೇ. ಭಜನೆಗೆ ಕುಳಿತವರಿಗೆ ಇದು ಹೊಸದಲ್ಲ. ತಂಬೂರಿಯ ಎರಡು ತಂತಿ ಶ್ರುತಿ ಸೇರದೆ ಹತ್ತಿರ ಹತ್ತಿರ ಬಂದಾಗ "ವ್ವೊಂ... ವ್ವೊಂ..." ಎಂದು ಅಲೆಯೇಳುತ್ತದೆ. ಸೆಕೆಂಡಿಗೆ ಅಂಥ ಏರಿಳಿತ ಎಷ್ಟೋ, ಎರಡು ತಂತಿಯ ಕಂಪನದ ಅಂತರವೂ ಅಷ್ಟೇ. ಏರಿಳಿತ ತೀರ ನಿಧಾನವಾದಾಗ ಮೇಳದವರು ಉಸಿರು ಬಿಗಿಹಿಡಿದು ಬಹಳ ಹೊತ್ತು ಕೇಳುತ್ತಾರೆ, ಕೇಳಲೇಬೇಕು.

97 ಮತ್ತು 100 ಕೂಡಿದರೆ ಸೆಕೆಂಡಿಗೆ ಮೂರು ಏರಿಳಿತ. ಅದನ್ನೇ ನಮ್ಮ ಗೆಳೆಯರು "ತೇಕುವುದು" ಎಂದರು. ಒಂದು ತೇಕು ಮುಗಿಯಲು ಸೆಕೆಂಡಿನ ಮೂರರಲ್ಲೊಂದು ಪಾಲು ಬೇಕು. ಕಂಪ್ಯೂಟರಿಗೆ ಕೊಟ್ಟದ್ದು ನಾಲ್ಕರಲ್ಲೊಂದು. ಒಂದು ಉಸಿರೂ ಪೂರ್ತಿಯಾಗದ ತುಣುಕನ್ನು ಕೊಟ್ಟು "ಇವನಿಗೆ ದಮ್ಮು ಇದೆಯೇ?" ಎಂದು ವೈದ್ಯರನ್ನು ಕೇಳಿದಂತಾಯಿತು. ಮೇಲ್ವಿಚಾರಕರು ಕಿವಿಗೊಟ್ಟದ್ದು ಎರಡು ನಿಮಿಷ. ಅದೂ ಯಾವುದಕ್ಕೆ ಕಿವಿಗೊಡಬೇಕೆಂಬುದನ್ನು ಅರಿಯದೆ. ನಮ್ಮವರ ಕಿವಿಯ ದಾಖಲೆ ದಿನಕ್ಕೆ ಎಂಟು ತಾಸಿನದು.

ಇನ್ನು ಗದ್ದಲದ ಮಾತು. ಗದ್ದಲವನ್ನು ಗೆಲ್ಲುವ ಮೊದಲನೆಯ ಉಪಾಯ ಅದನ್ನು ಬಿಟ್ಟು ದೂರ ಹೋಗುವುದು. ನಮ್ಮ ರಾಯಗಡ ಜಿಲ್ಲೆಯಲ್ಲಿಯೇ ಇದಕ್ಕೆ ಪ್ರಸಿದ್ಧ ಉದಾಹರಣೆಯಿದೆ. ಮುಂಬಯಿಯ ಕೊಲಾಬಾ ವೇಧಶಾಲೆಯಲ್ಲಿ ಭೂಮಿಯ ಅಯಸ್ಕಾಂತ ಶಕ್ತಿಯನ್ನು 19ನೆಯ ಶತಮಾನದಿಂದ ಅಳೆಯುತ್ತ ಬಂದಿದ್ದರು. ಊರಿಗೆ ವಿದ್ಯುತ್ ಟ್ರಾಮು ಬರುವುದೆಂದು ತಿಳಿದಾಗ, ಅದರ ಕರೆಂಟಿನಿಂದ ಸೂಜಿಗಳು ಕೆಡುವುವೆಂದು, 1904ರಲ್ಲಿ ಆ ಕೆಲಸವನ್ನು ಅಲಿಬಾಗಕ್ಕೆ ಸಾಗಿಸಿದರು. ಈಗಲೂ ಅಲಿಬಾಗಕ್ಕೆ ಹೋದವರು ಆ ವೇಧಶಾಲೆಯನ್ನು ಕಾಣಬಹುದು. ಆದರೆ ಗಾಳಿಯಂತ್ರವನ್ನು ಹೊತ್ತುಕೊಂಡು ಅಲಿಬಾಗಕ್ಕೆ ಹೋಗಲಾದೀತೆ? ಇದ್ದಲ್ಲಿಯೇ ಗದ್ದಲವನ್ನು ಸೋಸಬೇಕು.

ಇಲ್ಲಿ ಅನೇಕರಿಗೆ, ಓದಿದವರಿಗೆ ಸಹ, ಒಂದು ಭ್ರಮೆಯಿದೆ. ದಾಖಲೆಯನ್ನು ಉದ್ದ ಮಾಡಿ ಒಮ್ಮೆಗೇ ಫೂರಿಯೆಯ ಲೆಕ್ಕ ಹಾಕಿದರೆ ಗದ್ದಲದ ಅಂಕುಡೊಂಕು ತಾನಾಗಿ ಸಮವಾಗುವುದೆಂದು ಎಣಿಸುತ್ತಾರೆ. ಆಗುವುದಿಲ್ಲ. ಗದ್ದಲದ ಚಿತ್ರ ಹುಲ್ಲಿನಂತೆ. ದಾಖಲೆ ಉದ್ದವಾದಷ್ಟೂ ಹುಲ್ಲು ಒತ್ತಾಗುತ್ತದೆಯೇ ಹೊರತು ಅದರ ಏರುಪೇರು ತಗ್ಗುವುದಿಲ್ಲ. ನಿಜವಾದ ಸ್ವರದ ಗರಿ ಮಾತ್ರ ಎತ್ತರವಾಗುತ್ತ ಹೋಗುತ್ತದೆ. ಹುಲ್ಲನ್ನು ಸಮ ಮಾಡಬೇಕಾದರೆ ದಾಖಲೆಯನ್ನು ತುಂಡು ಮಾಡಿ, ಒಂದೊಂದು ತುಂಡಿಗೂ ಬೇರೆ ಬೇರೆ ಚಿತ್ರ ತೆಗೆದು, ಎಲ್ಲದರ ಸರಾಸರಿ ಹಾಕಬೇಕು. 20 ತುಂಡಿನ ಸರಾಸರಿಯಲ್ಲಿ ಏರುಪೇರು ನಾಲ್ಕರಲ್ಲೊಂದು ಪಾಲಿಗಿಂತ ಕೆಳಗೆ ಇಳಿಯುತ್ತದೆ. ಆದರೆ ತುಂಡು ಚಿಕ್ಕದಾದಷ್ಟೂ ಹತ್ತಿರದ ಸ್ವರಗಳು ಕರಗಿ ಒಂದಾಗುತ್ತವೆ. ಇತ್ತ ಎಳೆದರೆ ಅತ್ತ ಕಾಲು ಹೊರಗೆ. ಚಿಕ್ಕ ಹೊದಿಕೆಯ ಕಥೆ.

ತುಂಡು ಮಾಡುವಾಗ ಇನ್ನೊಂದು ಜಾಗ್ರತೆ ಬೇಕು. ಬಟ್ಟೆಯನ್ನು ಕತ್ತರಿಸಿದ ಅಂಚಿನಲ್ಲಿ ಎಳೆ ಬಿಚ್ಚಿಕೊಳ್ಳುವಂತೆ, ಸದ್ದನ್ನು ಸರಕ್ಕನೆ ಕತ್ತರಿಸಿದರೆ ಅದರ ಸ್ವರ ಅಕ್ಕಪಕ್ಕದ ಜಾಗಕ್ಕೆಲ್ಲ ಚೆಲ್ಲುತ್ತದೆ; ದೊಡ್ಡ ಸ್ವರದ ಚೆಲ್ಲಿನಲ್ಲಿ ಸಣ್ಣ ಸ್ವರ ಮುಳುಗಿಹೋಗುತ್ತದೆ. ಅದಕ್ಕಾಗಿ ತುಂಡಿನ ಎರಡೂ ತುದಿಯನ್ನು ಮೆಲ್ಲಗೆ ತಗ್ಗಿಸಿ ಸೊನ್ನೆಗೆ ತರುತ್ತಾರೆ. ದರ್ಜಿಯು ಅಂಚನ್ನು ಮಡಿಸಿ ಹೊಲಿದಂತೆ. ಎಳೆ ಬಿಚ್ಚುವುದಿಲ್ಲ, ಆದರೆ ಬಟ್ಟೆ ಬೆರಳಗಲ ಕಡಮೆಯಾಗುತ್ತದೆ. ಪುಕ್ಕಟೆಯಾಗಿ ಏನೂ ಸಿಕ್ಕುವುದಿಲ್ಲವೆಂಬುದನ್ನು ಈ ಶಾಸ್ತ್ರದಷ್ಟು ಪಟ್ಟು ಹಿಡಿದು ಕಲಿಸುವ ಶಾಸ್ತ್ರ ಮತ್ತೊಂದಿಲ್ಲ.

ಗದ್ದಲದಲ್ಲಿ ಇಲ್ಲದ ಸ್ವರವನ್ನು ಕಾಣುವುದು ಇದಕ್ಕಿಂತ ದೊಡ್ಡ ಅಪಾಯ. ಮಟ್ಕಾ ಆಟದ ಹಳೆಯ ಅಂಕೆಗಳ ಚಾರ್ಟನ್ನು ಕಿಸೆಯಲ್ಲಿಟ್ಟುಕೊಂಡು, "ಏಳು ದಿನಕ್ಕೊಮ್ಮೆ ಈ ಅಂಕೆ ತಿರುಗಿ ಬರುತ್ತದೆ, ನೋಡು" ಎನ್ನುವವರನ್ನು ನಾವು ನೀವು ಎಲ್ಲರೂ ಬಲ್ಲೆವು. ಊರಿಗೆ ಕಳಿಸಬೇಕಾದ ಹಣ ಆ ಚಾರ್ಟಿನ ಹಿಂದೆ ಹೋದ ಮನೆಗಳನ್ನೂ ಬಲ್ಲೆವು. ಅಂಕೆಗಳು ಬರಿಯ ಗದ್ದಲ. ಆದರೆ ಚಿಕ್ಕ ದಾಖಲೆಯಲ್ಲಿ ಯಾವುದೋ ಒಂದು ಆವರ್ತನೆ ಎದ್ದು ಕಂಡೇ ಕಾಣುತ್ತದೆ. ವಿದ್ವಾಂಸರೂ ಈ ಗುಂಡಿಗೆ ಬಿದ್ದವರೇ. ಮಳೆಗೆ ಇಷ್ಟು ವರ್ಷದ ಚಕ್ರ, ಭೂಕಂಪಕ್ಕೆ ಅಷ್ಟು ವರ್ಷದ ಚಕ್ರ ಎಂದು ಒಂದು ಕಾಲದಲ್ಲಿ ಬರೆದದ್ದಕ್ಕೆ ಮಿತಿಯಿರಲಿಲ್ಲ. ಇಂಗ್ಲೆಂಡಿನ ಆರ್ಥರ್ ಶೂಸ್ಟರ್ 1898ರಲ್ಲಿ ಇದಕ್ಕೆ ಒಂದು ಒರೆಗಲ್ಲನ್ನು ಕೊಟ್ಟನು: ಬರಿಯ ಗದ್ದಲದಿಂದಲೇ ಇಷ್ಟು ಎತ್ತರದ ದಿಬ್ಬ ಏಳುವ ಸಂಭವವೆಷ್ಟು? ನಮ್ಮ ದೇಶದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ 1904ರಿಂದ 1924ರ ವರೆಗೆ ಇದ್ದ ಗಿಲ್ಬರ್ಟ್ ವಾಕರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. 1914ರಲ್ಲಿ ಇಲಾಖೆಯ ಗ್ರಂಥಮಾಲೆಯಲ್ಲಿ ಅವನು ಹೇಳಿದ ಮಾತಿನ ಸಾರ ಇಷ್ಟು: ನೀನು ಒಂದೇ ಚಕ್ರವನ್ನು ಹುಡುಕಲಿಲ್ಲ, ನೂರು ಚಕ್ರವನ್ನು ತಡಕಿ ನೋಡಿ ಎಲ್ಲಕ್ಕೂ ಎತ್ತರವಾದದ್ದನ್ನು ಹೆಕ್ಕಿದ್ದೀಯೆ, ನೂರಕ್ಕೆ ಒಮ್ಮೆ ಆಕಸ್ಮಿಕವಾಗಿ ಬರುವ ದಿಬ್ಬ ನೂರು ಕಡೆ ಹುಡುಕಿದವನಿಗೆ ಸಿಕ್ಕಿದರೆ ಆಶ್ಚರ್ಯವೇನು? ಮುಂಗಾರಿನ ಮುನ್ಸೂಚನೆಯ ಹೊಣೆ ಹೊತ್ತವನು ಅವನು. ಸುಳ್ಳು ಚಕ್ರವನ್ನು ನಂಬಿದರೆ ರೈತನ ಬಿತ್ತನೆ ಹಾಳಾಗುವುದೆಂಬ ಅರಿವು ಆ ಬಿಗಿಯ ಹಿಂದೆ ಇದ್ದಿರಬೇಕೆಂದು ನಮಗೆ ತೋರುತ್ತದೆ.

ಹಾಗಾದರೆ ಕಾಲವೂ ಇಲ್ಲ, ಮೌನವೂ ಇಲ್ಲ, ಸದ್ದು ಮತ್ತೆ ಬರುವುದೂ ಇಲ್ಲ ಎಂದಾಗ ಕೈಚೆಲ್ಲಿ ಕೂಡಬೇಕೆ? ಇಲ್ಲ, ಇನ್ನೊಂದು ದಾರಿಯಿದೆ. ಏನು ಕೇಳಿಸಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಿ ಅರಿತಿರುವುದು. ಈ ದಾರಿಯ ಅತ್ಯಂತ ದೊಡ್ಡ ಕಥೆಯಲ್ಲಿ ನಮ್ಮ ಬೆಂಗಳೂರಿನವರೊಬ್ಬರು ಮುಖ್ಯ ಪಾತ್ರಧಾರಿ.

ಸಿ. ವಿ. ವಿಶ್ವೇಶ್ವರ ಎಂಬವರು 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಕನ್ನಡದ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ. ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದು ಅಮೆರಿಕಕ್ಕೆ ಹೋಗಿ, ಮೇರಿಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ನರರ ಕೈಕೆಳಗೆ ಸಂಶೋಧನೆ ಮಾಡಿದರು. ಕಪ್ಪುಕುಳಿಯೆಂಬ ವಸ್ತುವನ್ನು ಆಗ ಯಾರೂ ಕಂಡಿರಲಿಲ್ಲ. ಬೆಳಕನ್ನು ಸಹ ಹೊರಕ್ಕೆ ಬಿಡದ ವಸ್ತುವನ್ನು ಕಾಣುವುದಾದರೂ ಹೇಗೆ? ವಿಶ್ವೇಶ್ವರರು ಕೇಳಿದ ಪ್ರಶ್ನೆ ಸಂತೆಯಲ್ಲಿ ಗಡಿಗೆ ಕೊಳ್ಳುವವರ ಪ್ರಶ್ನೆಯೇ: ಬಡಿದರೆ ಏನು ಸದ್ದು ಬರುತ್ತದೆ? ಗುರುತ್ವದ ಅಲೆಯೊಂದನ್ನು ಕಾಗದದ ಮೇಲೆಯೂ ಕಂಪ್ಯೂಟರಿನಲ್ಲಿಯೂ ಕಪ್ಪುಕುಳಿಯ ಮೇಲೆ ಎಸೆದು ನೋಡಿದರು. ಅಗಲವಾದ ಅಲೆ ಎಸೆದಾಗ ಕುಳಿ ಸುಮ್ಮನಿತ್ತು. ದಪ್ಪ ಬಟ್ಟೆ ಸುತ್ತಿದ ಕೈಯಿಂದ ಗಡಿಗೆ ಬಡಿದರೆ ಅದು ಉಲಿಯುವುದೆ? ಅಲೆಯನ್ನು ಕಿರಿದು ಮಾಡುತ್ತ ಬಂದಂತೆ, ಕುಳಿಯ ಗಾತ್ರಕ್ಕೆ ಹೊಂದುವಷ್ಟು ಕಿರಿದಾದಾಗ, ಕಪ್ಪುಕುಳಿ ಗಂಟೆಯಂತೆ ಅನುರಣಿಸಿತು. ತನ್ನದೇ ಒಂದು ಸ್ವರ. ತನ್ನದೇ ವೇಗದಲ್ಲಿ ಅದು ಅಡಗಿಹೋಗುವುದು. ಎರಡೂ ಕುಳಿಯ ಗುಣದಿಂದಲೇ ನಿಶ್ಚಿತವಾಗುತ್ತವೆ. ಯಾರು, ಯಾವುದರಿಂದ ಬಡಿದರೆಂಬುದರಿಂದಲ್ಲ. ಇದು 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಅವರು ಸ್ವದೇಶಕ್ಕೆ ಮರಳಿ, ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಎಷ್ಟೋ ಸಾವಿರ ಮಕ್ಕಳಿಗೆ ಆಕಾಶ ತೋರಿಸಿದರು. ಕಪ್ಪುಕುಳಿಯ ಮೇಲೆ ತಾವೇ ವ್ಯಂಗ್ಯಚಿತ್ರಗಳನ್ನೂ ಬರೆಯುತ್ತಿದ್ದರು!

ಸದ್ದು ಕೇಳಿಸಿದ್ದು ನಾಲ್ವತ್ತೈದು ವರ್ಷದ ಮೇಲೆ, 2015ರ ಸೆಪ್ಟೆಂಬರ್ 14ರಂದು. ಅಮೆರಿಕದಲ್ಲಿ ಹ್ಯಾನ್‍ಫರ್ಡ್ ಮತ್ತು ಲಿವಿಂಗ್‍ಸ್ಟನ್ ಎಂಬ, ಒಂದಕ್ಕೊಂದು ಸುಮಾರು 3000 ಕಿಲೋಮೀಟರ್ ದೂರದ ಎರಡು ಊರುಗಳಲ್ಲಿ ಲೈಗೋ ಎಂಬ ಯಂತ್ರಗಳಿವೆ. ಒಂದೊಂದಕ್ಕೂ 4 ಕಿಲೋಮೀಟರ್ ಉದ್ದದ ಎರಡು ತೋಳು. 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತಿ ಕೂಡಿಕೊಂಡಾಗ ಎದ್ದ ಅಲೆ ಅಂದು ಭೂಮಿಯನ್ನು ಹಾಯ್ದುಹೋಯಿತು. ಅದರಿಂದ ತೋಳಿನ ಉದ್ದದಲ್ಲಿ ಆದ ವ್ಯತ್ಯಾಸ ಒಂದು ಪ್ರೋಟಾನಿನ ಅಗಲದ ನೂರರಲ್ಲೊಂದು ಪಾಲಿಗಿಂತಲೂ ಕಡಮೆ. ಕೇಳಿಸಿದ ಕಾಲ ಸೆಕೆಂಡಿನ ಐದರಲ್ಲೊಂದು ಪಾಲು. ಅಷ್ಟರಲ್ಲಿ ಸ್ವರ ಸೆಕೆಂಡಿಗೆ 35ರಿಂದ 250ಕ್ಕೆ ಏರಿ ಅಡಗಿತು. ಹಕ್ಕಿಯೊಂದು ಚಿಲಿಪಿಗುಟ್ಟಿದಷ್ಟೇ ಹೊತ್ತು. ಯಂತ್ರದ ಸುತ್ತಲಾದರೋ ಕಡಲ ಅಲೆಯ ನಡುಕ, ರಸ್ತೆಯ ಲಾರಿ, ಕರೆಂಟಿನ ಗುಂಯ್‍ಕಾರ. ನಮ್ಮ ಕಳಂಬೋಲಿಯ ಕಾಟವೇ.

ಆದರೂ ಹಿಡಿದರು. ಎರಡು ಊರಿನ ಗದ್ದಲ ಒಂದೇ ಆಗಿರುವುದಿಲ್ಲ; ಅಲೆಯಾದರೋ ಒಂದೇ. 7 ಸಾವಿರದೊಂದು ಪಾಲು ಸೆಕೆಂಡಿನ ಅಂತರದಲ್ಲಿ ಎರಡೂ ಕಡೆ ಒಂದೇ ಆಕಾರ ಕಾಣಿಸಿತು. ಅದಕ್ಕಿಂತ ಹೆಚ್ಚಾಗಿ, ಕೂಡಿಕೊಳ್ಳುವ ಕುಳಿಗಳ ಅಲೆ ಹೇಗಿರಬೇಕೆಂಬ ಅಚ್ಚುಗಳು ಸಿದ್ಧವಾಗಿದ್ದವು. ಅಚ್ಚನ್ನು ದಾಖಲೆಯ ಮೇಲೆ ಸರಿಸುತ್ತ ಎಲ್ಲಿ ಕೂಡುತ್ತದೆಂದು ನೋಡುವುದು. ಎಷ್ಟು ಅಚ್ಚು ಬೇಕು, ಯಾವ ಅಂತರದಲ್ಲಿ ಬೇಕು ಎಂಬುದನ್ನು ನಮ್ಮ ಬೆಟ್ಟದ ಆಚೆಯ ಪುಣೆಯಲ್ಲಿಯೇ ಸಂಜೀವ ಧುರಂಧರ್ ಮತ್ತು ಬೆಂಗಳೂರಿನಿಂದ ಬಂದ ಬಿ. ಎಸ್. ಸತ್ಯಪ್ರಕಾಶ್ 1990ರ ದಶಕದ ಆರಂಭದಲ್ಲಿ ಲೆಕ್ಕ ಹಾಕಿದ್ದರು. ಅಲೆಯ ಆಕಾರವನ್ನೇ ನಿಷ್ಕೃಷ್ಟ ಮಾಡಿದವರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಲಾ ಅಯ್ಯರ್ ಒಬ್ಬರು.

ಈಗ ವಿಶ್ವೇಶ್ವರರ ಸ್ವರಕ್ಕೆ ಬರೋಣ. ಹೊಸದಾಗಿ ಹುಟ್ಟಿದ ದೊಡ್ಡ ಕುಳಿ ಕೊನೆಯಲ್ಲಿ ಅನುರಣಿಸಿದ ಸ್ವರ ಸೆಕೆಂಡಿಗೆ ಸುಮಾರು 250. ಒಂದು ಅಲೆಗೆ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲು. ಅಷ್ಟು ಹೊತ್ತಿನಲ್ಲಿಯೇ ಸ್ವರ ಮೂರರಲ್ಲೊಂದಕ್ಕೆ ಇಳಿಯುತ್ತದೆ. ಎರಡನೆಯ ಅಲೆಗೆ ಏಳರಲ್ಲೊಂದು, ಮೂರನೆಯದಕ್ಕೆ ಇಪ್ಪತ್ತರಲ್ಲೊಂದು. ಆಮೇಲೆ ಹುಲ್ಲೇ ಹುಲ್ಲು. ನಮ್ಮ ಭಾಗಾಕಾರವನ್ನು ಕುರುಡಾಗಿ ಹಾಕಿದರೆ ಒಂದನ್ನು ಸಾವಿರದಲ್ಲಿ ನಾಲ್ಕರಿಂದ ಭಾಗಿಸಿ 250 ಬರುತ್ತದೆ. ಎಂದರೆ ಉತ್ತರದಷ್ಟೇ ದೊಡ್ಡ ತಪ್ಪು! ತೂಕ 50 ಕಿಲೋ, ಹೆಚ್ಚುಕಡಮೆ 50 ಕಿಲೋ ಆಚೆ ಈಚೆ, ಎಂದ ಅಂಗಡಿಯವನಂತೆ. ಆದರೆ ಇಲ್ಲಿರುವುದು ಒಂದೇ ಸ್ವರ, ಅದು ಹೀಗೆಯೇ ಅಡಗುತ್ತದೆ ಎಂಬುದನ್ನು ಮೊದಲೇ ಬಲ್ಲೆವಾದರೆ ಆಟ ಬೇರೆಯಾಗುತ್ತದೆ. ಆಗ ಅಲೆಯನ್ನು ಎಣಿಸಬೇಕಾಗಿಲ್ಲ. ಅಚ್ಚಿಗೆ ಹೊಂದಿಸಿದರೆ ಸಾಕು. ಸದ್ದು ಗದ್ದಲಕ್ಕಿಂತ ಎಷ್ಟು ಪಟ್ಟು ಸ್ಪಷ್ಟವೋ ತಪ್ಪು ಅಷ್ಟು ಪಟ್ಟು ಕುಗ್ಗುತ್ತದೆ. ಒಂದು ಸ್ವರದ ಸ್ಥಾನವನ್ನು ಗುರುತಿಸುವುದು ಬೇರೆ, ಎರಡು ಸ್ವರ ಇವೆಯೇ ಎಂದು ಬಿಡಿಸುವುದು ಬೇರೆ. ಮೊದಲನೆಯದು ಅಗ್ಗ, ಎರಡನೆಯದು ಬಹಳ ದುಬಾರಿ.

ಜಗಳ ಎದ್ದದ್ದೂ ಅಲ್ಲಿಯೇ. ಗಂಟೆಗೆ ಒಂದೇ ಸ್ವರವಿರುವುದಿಲ್ಲವಷ್ಟೆ, ಕಪ್ಪುಕುಳಿಗೂ ಉಪಸ್ವರಗಳಿವೆ. ಮೊದಲನೆಯ ಉಪಸ್ವರ ಮುಖ್ಯಸ್ವರದ ಪಕ್ಕದಲ್ಲಿಯೇ ಇದೆ, ಆದರೆ ಸುಮಾರು ಮೂರು ಪಟ್ಟು ಬೇಗ ಅಡಗುತ್ತದೆ. ಒಂದು ಸ್ವರದಿಂದ ಕುಳಿಯ ತೂಕವನ್ನೂ ತಿರುಗುವಿಕೆಯನ್ನೂ ಕಂಡುಹಿಡಿದರೆ, ಎರಡನೆಯ ಸ್ವರ ಎಲ್ಲಿರಬೇಕೆಂಬುದು ಐನ್‍ಸ್ಟೈನರ ಸಿದ್ಧಾಂತದಿಂದ ತಾನಾಗಿ ಬರುತ್ತದೆ. ಅಲ್ಲಿ ಅದು ಇದ್ದರೆ ಸಿದ್ಧಾಂತ ಒರೆಗೆ ನಿಂತಿತು; ಇಲ್ಲದಿದ್ದರೆ ನಾವು ಕಪ್ಪುಕುಳಿಯೆಂದದ್ದು ಮತ್ತೇನೋ. 2015ರ ದಾಖಲೆಯಲ್ಲಿಯೇ ಉಪಸ್ವರ ಇದೆಯೆಂದು 2019ರಲ್ಲಿ ಒಂದು ತಂಡ ಪ್ರಕಟಿಸಿತು. 2022ರಲ್ಲಿ ಇನ್ನೊಂದು ತಂಡ ಅದೇ ದಾಖಲೆಯನ್ನು ಬಿಡಿಸಿ, ಅನುರಣನ ಯಾವ ಕ್ಷಣಕ್ಕೆ ಆರಂಭವಾಯಿತೆಂದು ಹಿಡಿಯುವುದರ ಮೇಲೆ ಉತ್ತರ ತಿರುಗುತ್ತದೆ, ನಿಮಗೆ ಕಂಡದ್ದು ಗದ್ದಲವೇ ಇರಬಹುದು ಎಂದಿತು. ಎರಡು ಕಡೆಯವರೂ ಘನವಿದ್ವಾಂಸರು, ದಾಖಲೆ ಒಂದೇ, ಲೆಕ್ಕದಲ್ಲಿ ಯಾರೂ ಮೋಸ ಮಾಡಿದವರಲ್ಲ. ಆ ತುಣುಕಿನಲ್ಲಿ ಅಷ್ಟು ಹೇಳುವ ತ್ರಾಣವಿರಲಿಲ್ಲವೆಂಬುದೇ ನಮ್ಮ ಅಭಿಪ್ರಾಯ. ತೀರ್ಮಾನವಾದದ್ದು ವಾದದಿಂದಲ್ಲ, ಇನ್ನೊಂದು ಸದ್ದಿನಿಂದ. 2025ರ ಜನವರಿ 14ರಂದು, ಮೊದಲಿನ ಜೋಡಿಯನ್ನೇ ಹೋಲುವ ಒಂದು ಜೋಡಿ ಕೂಡಿಕೊಂಡಿತು. ಹತ್ತು ವರ್ಷದಲ್ಲಿ ಯಂತ್ರಗಳ ಗದ್ದಲವನ್ನು ತಗ್ಗಿಸಿದ್ದರಿಂದ ಈ ಸಲ ಸದ್ದು ಮೂರು ಪಟ್ಟಿಗೂ ಹೆಚ್ಚು ಸ್ಪಷ್ಟ. ಅದೇ ಸೆಪ್ಟೆಂಬರಿನಲ್ಲಿ ಪ್ರಕಟವಾದ ಲೆಕ್ಕದಲ್ಲಿ ಎರಡು ಸ್ವರ, ಸಿದ್ಧಾಂತ ಹೇಳಿದ ಎಡೆಯಲ್ಲಿಯೇ, ಸಿಕ್ಕವು.

ವಿಶ್ವೇಶ್ವರರು ಇದನ್ನು ನೋಡಲು ಇರಲಿಲ್ಲ. 2016ರ ಫೆಬ್ರವರಿ 11ರ ಮೊದಲ ಘೋಷಣೆಯ ಕಾಲಕ್ಕೆ ಇದ್ದರೆಂಬುದೇ ಸಮಾಧಾನ. 2017ರ ಜನವರಿ 16ರಂದು ತೀರಿಕೊಂಡರು. ನಮ್ಮ ಈ ರಾಜ್ಯದಲ್ಲಿಯೇ, ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ, ಇಂಥದೇ ಒಂದು ಯಂತ್ರವನ್ನು ಕಟ್ಟಲು 2023ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿದೆ.

ಆಕಾಶದಿಂದ ಗಾಳಿಯಂತ್ರಕ್ಕೆ ಇಳಿಯೋಣ. ಬೇರಿಂಗಿನ ಗುಂಡು ಹತ್ತು, ಸುತ್ತು ಇಷ್ಟು ಎಂಬುದು ಆ ಕಾರ್ಖಾನೆಯ ಕಾಗದದಲ್ಲಿಯೇ ಇತ್ತು. 97 ಎಂಬ ಅಂಕೆಯನ್ನು ಯಾರಾದರೂ ಮೊದಲೇ ಬರೆದಿಟ್ಟಿದ್ದರೆ, ಕಂಪ್ಯೂಟರಿನ ದಪ್ಪ ದಿಬ್ಬವನ್ನು ನೋಡಿ "ಇದು ಬರಿಯ 100 ಅಲ್ಲದೆಯೂ ಇರಬಹುದು, ಈ ತುಣುಕಿನಿಂದ ಹೇಳಲಾಗದು, ಇನ್ನೊಮ್ಮೆ ಹಿಡಿದು ತಾ" ಎನ್ನುತ್ತಿದ್ದರು. "ಹೇಳಲಾಗದು" ಎನ್ನಬೇಕಾದಲ್ಲಿ "ಇಲ್ಲ" ಎಂದರು; ಅದರ ಬೆಲೆಯನ್ನು ತೆತ್ತವರು ಬೇರೆ.

ಮೊನ್ನೆ ಈ ಭಾಷಣದ ಕರಡನ್ನು ಅವರಿಗೆ ಓದಿ ಹೇಳಿದೆವು. ಎಲ್ಲವನ್ನೂ ಕೇಳಿ, "ಅಣ್ಣಾರ, ನನ್ನ ಕಿವ್ಯಾಗಿಂದು ಹೊರಗ ತಗದು ತೋರ್ಸೂದು ಹ್ಯಾಂಗ್ರಿ?" ಎಂದರು. ನ್ಯಾಯವಾದ ಪ್ರಶ್ನೆ. ನಾವು ಹೇಳಿದ್ದು ಇಷ್ಟು. ಭೋಂಗಾ ಕೂಗದ ವೇಳೆ ನೋಡಿ ಒಂದು ನಿಮಿಷ ಪೂರ್ತಿ ಹಿಡಿಯಿರಿ. ಅದನ್ನು ಮೂರು ಮೂರು ಸೆಕೆಂಡಿನ 20 ತುಂಡು ಮಾಡಿ ಸರಾಸರಿ ಹಾಕಿದರೆ 97 ಬೇರೆ, 100 ಬೇರೆ ನಿಲ್ಲುತ್ತವೆ, ಹುಲ್ಲೂ ಸಮನಾಗುತ್ತದೆ. ಊಟದ ಬಿಡುವಿನಲ್ಲಿ ಯಂತ್ರ ನಿಂತಾಗ, ಅದೇ ಜಾಗದಲ್ಲಿ ನಿಂತು ಇನ್ನೊಂದು ನಿಮಿಷ ಹಿಡಿಯಿರಿ. ಕರೆಂಟಿನ ಗುಂಯ್‍ಕಾರ ಎರಡರಲ್ಲಿಯೂ ಇರುತ್ತದೆ; ಬೇರಿಂಗಿನದು ಎರಡನೆಯದರಲ್ಲಿ ಇರುವುದಿಲ್ಲ. ತಾರೀಖು, ತಾಸು ಬರೆದು ಪಾಳಿಯ ಪುಸ್ತಕದಲ್ಲಿ ಸಹಿ ಹಾಕಿಸಿರಿ.

ಅವರು ಈಗ ಬೇರೆ ಕಡೆ ಕೆಲಸಕ್ಕೆ ಹೋಗುತ್ತಿದ್ದಾರೆ; ಅಲ್ಲಿ ಗಾಳಿಯಂತ್ರವಲ್ಲ, ನೀರೆತ್ತುವ ಪಂಪು. ಕಳೆದ ವಾರ ಎರಡು ಧ್ವನಿಮುದ್ರಣ ತಂದಿದ್ದರು, ಒಂದು ಪಂಪು ನಡೆವಾಗಿನದು, ಒಂದು ನಿಂತಾಗಿನದು. ಬೇರಿಂಗಿನ ಗುಂಡೆಷ್ಟೆಂದು ಕೇಳಿದೆವು. ಅಂಗೈ ತೆರೆದು ತೋರಿಸಿದರು. ಬೇರಿಂಗಿನ ಮೇಲಿನ ಸಂಖ್ಯೆಯನ್ನು ಪೆನ್ನಿನಿಂದ ಅಲ್ಲಿಯೇ ಬರೆದುಕೊಂಡು ಬಂದಿದ್ದರು.